ಯಂತ್ರಗಳಿಲ್ಲದ ಫಿಸಿಯೋಥೆರಪಿ: ಬೆನ್ನು ಮತ್ತು ಕತ್ತು ನೋವಿಗೆ ಕೈಚಿಕಿತ್ಸೆ ಎಷ್ಟು ಕೊಡುತ್ತದೆ, ಎಷ್ಟು ಕೊಡುವುದಿಲ್ಲ

ಮೈಸೂರಿನ ದಕ್ಷಿಣ ಭಾಗದ ಬಡಾವಣೆಯೊಂದರಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಫಿಸಿಯೋಥೆರಪಿ ಕ್ಲಿನಿಕ್ ಇದೆ. ಎರಡು ಮಂಚ, ಗೋಡೆಗೆ ಆಳೆತ್ತರದ ಕನ್ನಡಿ, ಶಾಖದ ಚೀಲಗಳನ್ನು ಕಾಯಿಸುವ ಸ್ಟೀಲಿನ ತೊಟ್ಟಿ ಮತ್ತು ಒಂದಷ್ಟು ರಬ್ಬರ್ ಪಟ್ಟಿಗಳನ್ನು ಬಿಟ್ಟರೆ ಅಲ್ಲಿ ಬೇರೆ ಸಲಕರಣೆಯೇ ಇಲ್ಲ. ಬೆನ್ನಿಗೆ ಕರೆಂಟ್ ಕೊಡುವುದಿಲ್ಲ, ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆಯುವುದಿಲ್ಲ. ಸ್ನಾತಕೋತ್ತರ ಪದವಿ ಪಡೆದ ಒಬ್ಬ ಫಿಸಿಯೋಥೆರಪಿಸ್ಟ್ ಮತ್ತು ಅವರ ಜೊತೆಗಿರುವ ಕಿರಿಯ ಫಿಸಿಯೋಥೆರಪಿಸ್ಟ್ ಯುವತಿ ಕೈಯಿಂದಲೇ ಪರೀಕ್ಷಿಸಿ, ಕೈಯಿಂದಲೇ ಚಿಕಿತ್ಸೆ ಮಾಡಿ, ಕೊನೆಗೆ ಮನೆಯಲ್ಲಿ ಮಾಡಬೇಕಾದ ವ್ಯಾಯಾಮವನ್ನು ಹೇಳಿಕೊಟ್ಟು ಕಳಿಸುತ್ತಾರೆ. ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತ, ಎಸ್‌ಎಸ್‌ಎಲ್‌ಸಿ ಮೌಲ್ಯಮಾಪನದ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಕತ್ತು ಬಗ್ಗಿಸಿ ಕೂರುವ ನನ್ನಂಥವಳಿಗೆ ಸೊಂಟ ಹಿಡಿದುಕೊಳ್ಳುವುದು, ಕತ್ತು ಒಂದು ಕಡೆಗೆ ತಿರುಗದಂತಾಗುವುದು ಹೊಸದೇನಲ್ಲ. ಆ ಕಾರಣಕ್ಕೆ ಬೇರೆಬೇರೆ ಕಡೆ ಬೇರೆಬೇರೆ ಬಗೆಯ ಚಿಕಿತ್ಸೆ ಪಡೆದಿದ್ದೇನೆ. ಕ್ಲಿನಿಕ್ಕಿನ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ, ಏಕೆಂದರೆ ಮೆಚ್ಚಿಕೆಯ ಜೊತೆಗೆ ದೂರುಗಳೂ ಇವೆ, ಮತ್ತು ಇದೇ ಬಗೆಯ ಕೈಚಿಕಿತ್ಸೆಯ ಕ್ಲಿನಿಕ್ಕುಗಳು ಈಗ ನಮ್ಮ ಹಲವು ಊರುಗಳಲ್ಲಿ ತಲೆಯೆತ್ತಿವೆ. ಅಂಥಲ್ಲಿಗೆ ಹೋಗುವವರು ಏನನ್ನು ನಿರೀಕ್ಷಿಸಬಹುದು, ಯಾವ ಮಾತನ್ನು ನಂಬಬಾರದು ಎಂಬುದನ್ನು ತಿಳಿಸುವುದು ನನ್ನ ಉದ್ದೇಶ.

ಮೊದಲ ಭೇಟಿಯ ಹೆಚ್ಚಿನ ಹೊತ್ತು ಪರೀಕ್ಷೆಗೇ ಹೋಯಿತು. ನೋವು ಎಲ್ಲಿ, ಯಾವಾಗಿನಿಂದ, ಬೆಳಿಗ್ಗೆ ಹೆಚ್ಚೋ ಸಂಜೆ ಹೆಚ್ಚೋ, ಕೆಮ್ಮಿದರೆ ಕಾಲಿಗೆ ಇಳಿಯುತ್ತದೆಯೋ ಎಂಬ ಪ್ರಶ್ನೆಗಳಾದ ಮೇಲೆ, ಸಾಮಾನ್ಯವಾಗಿ ಯಾರೂ ಕೇಳದ ಇನ್ನೊಂದು ಸಾಲು ಪ್ರಶ್ನೆಗಳು ಬಂದವು: ಮೂತ್ರ ಕಟ್ಟಿಕೊಳ್ಳುತ್ತಿದೆಯೇ, ಮಲವಿಸರ್ಜನೆಯ ಹಿಡಿತ ತಪ್ಪಿದೆಯೇ, ತೊಡೆಗಳ ಸಂದಿಯಲ್ಲಿ ಜೋಮು ಹಿಡಿದಂತಿದೆಯೇ, ಸಂಜೆಯ ಜ್ವರ ಅಥವಾ ಕಾರಣವಿಲ್ಲದೆ ತೂಕ ಇಳಿಯುವುದು ಇದೆಯೇ, ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ, ಹಿಂದೆ ಕ್ಯಾನ್ಸರ್ ಆಗಿತ್ತೇ, ಸ್ಟೀರಾಯ್ಡ್ ಮಾತ್ರೆಗಳನ್ನು ಬಹುಕಾಲ ನುಂಗಿದ್ದೀರಾ. ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂಬ ಉತ್ತರ ಬಂದರೆ ತಾವು ಮೈ ಮುಟ್ಟುವ ಮೊದಲು ವೈದ್ಯರ ಬಳಿ ಕಳಿಸುತ್ತೇವೆ ಎಂದು ಅವರು ವಿವರಿಸಿದರು. ನಮ್ಮ ದೇಶದಲ್ಲಿ ಬೆನ್ನುಮೂಳೆಯ ಕ್ಷಯ ಇಂದಿಗೂ ಅಪರೂಪದ ಕಾಯಿಲೆಯಲ್ಲ, ಮತ್ತು ಅದನ್ನು ಮಾಂಸಖಂಡದ ಸೆಳೆತವೆಂದುಕೊಂಡು ತಿಂಗಳುಗಟ್ಟಲೆ ಎಣ್ಣೆ ಹಾಕಿ ತಿಕ್ಕಿಸಿಕೊಳ್ಳುವುದು ಅಪಾಯಕಾರಿ. ಕೈಯ ಮೇಲೆ ನಂಬಿಕೆಯಿಟ್ಟ ಕ್ಲಿನಿಕ್ಕೊಂದು, ಯಾರ ಮೇಲೆ ಕೈಯಿಡಬಾರದು ಎಂಬುದನ್ನೂ ತಿಳಿದಿರಬೇಕು. ನನ್ನ ಮಟ್ಟಿಗೆ ಈ ಪ್ರಶ್ನೆಗಳೇ ಅಲ್ಲಿನ ಮೊದಲ ಅಂಕಗಳು.

ಆಮೇಲೆ ಮೊಣಕಾಲಿಗೆ, ಹಿಮ್ಮಡಿಗೆ ಪುಟ್ಟ ಸುತ್ತಿಗೆಯಿಂದ ತಟ್ಟಿದರು. ಹೆಬ್ಬೆರಳನ್ನು ಮೇಲೆತ್ತಿ ಹಿಡಿಯಲು ಹೇಳಿ ಅದರ ಬಲ ನೋಡಿದರು. ಮಂಡಿ ಮಡಿಸದೆ ಕಾಲನ್ನು ನಿಧಾನವಾಗಿ ಎತ್ತಿ, ಎಳೆತ ತೊಡೆಯ ಹಿಂಭಾಗದಲ್ಲೇ ನಿಲ್ಲುತ್ತದೆಯೋ ಮೊಣಕಾಲು ದಾಟಿ ಕೆಳಗಿಳಿಯುತ್ತದೆಯೋ ಎಂದು ಕೇಳಿದರು. ಕಡೆಯಲ್ಲಿ ಬೋರಲಾಗಿ ಮಲಗಿಸಿ, ಅಂಗೈಗಳನ್ನು ಶಾಖದ ಚೀಲದ ಮೇಲೊಮ್ಮೆ ಒತ್ತಿ ಬೆಚ್ಚಗೆ ಮಾಡಿಕೊಂಡು, ಸೊಂಟದ ಕೆಳಗಿನ ಗಂಟುಮೂಳೆಯಿಂದ ಆರಂಭಿಸಿ ಒಂದೊಂದೇ ಮೂಳೆಯನ್ನು ಹೆಬ್ಬೆರಳುಗಳಿಂದ ಒತ್ತುತ್ತ ಮೇಲಕ್ಕೆ ಬಂದರು. ಒಂದು ಕಡೆ ಒತ್ತಿದಾಗ, ಮನೆಯಲ್ಲಿ ತಿಂಗಳುಗಳಿಂದ ಬೆರಳಿಟ್ಟು ತೋರಿಸಲಾಗದೆ ಒದ್ದಾಡಿದ ನೋವು ಅದೇ ರೂಪದಲ್ಲಿ ಎದ್ದುಬಂತು. ಅವರು ಕೈಯನ್ನು ಅಲ್ಲೇ ಇಟ್ಟುಕೊಂಡು, ಒತ್ತಡವನ್ನು ಅರ್ಧಕ್ಕೆ ಇಳಿಸಿ, ‘ಇದೇನಾ ನಿಮ್ಮ ನೋವು, ಇಲ್ಲ ಇದು ಬೇರೆಯದಾ?’ ಎಂದು ಕೇಳಿದರು. ಇದೇ ಎಂದಾಗ ನನಗಾದ ಸಮಾಧಾನ ಸಣ್ಣದಲ್ಲ. ನೋವಿಗೆ ಒಂದು ಜಾಗ ಸಿಕ್ಕಿತು, ಅದನ್ನು ಇನ್ನೊಬ್ಬರ ಕೈ ಕಂಡುಕೊಂಡಿತು ಎಂಬ ಭಾವನೆಗೂ ಚಿಕಿತ್ಸೆಯಲ್ಲಿ ಒಂದು ಪಾಲಿದೆ.

ಈ ಅನುಭವವನ್ನು ಅದರ ತೂಕಕ್ಕಿಂತ ಹೆಚ್ಚು ತೂಗಬಾರದು ಎಂಬುದನ್ನೂ ಇಲ್ಲೇ ಹೇಳಿಬಿಡಬೇಕು. ಬೆನ್ನುಮೂಳೆಯನ್ನು ಮುಟ್ಟಿ, ಯಾವ ಕೀಲು ಬಿಗಿಯಾಗಿದೆ ಎಂದು ಇಬ್ಬರು ನುರಿತ ಚಿಕಿತ್ಸಕರು ಪ್ರತ್ಯೇಕವಾಗಿ ಹೇಳಿದರೆ ಅವರ ಉತ್ತರಗಳು ಬಹಳ ಸಲ ಹೊಂದುವುದಿಲ್ಲ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ಒತ್ತಿದಾಗ ನೋವಾಗುತ್ತದೆಯೇ ಎಂಬ ಬಗ್ಗೆ ಮಾತ್ರ ಹೊಂದಾಣಿಕೆ ಅದಕ್ಕಿಂತ ಉತ್ತಮ. ಹಾಗಾಗಿ ಈ ಮೂಳೆ ಎಡಕ್ಕೆ ತಿರುಗಿದೆ, ಆ ಮೂಳೆ ಜಾಗ ಬಿಟ್ಟಿದೆ ಎಂದು ಬೆರಳಿಟ್ಟು ಘೋಷಿಸುವವರನ್ನು ಅನುಮಾನದಿಂದಲೇ ನೋಡಬೇಕು. ನಮ್ಮ ಫಿಸಿಯೋಥೆರಪಿಸ್ಟ್ ಹಾಗೆ ಹೇಳಲಿಲ್ಲ. ಅವರ ಕಿರಿಯ ಸಹೋದ್ಯೋಗಿ ಮಾತ್ರ ಭುಜದ ಸ್ನಾಯುವಿನಲ್ಲಿ ಗಂಟು ಕಟ್ಟಿದೆ, ಅದನ್ನು ಒಡೆಯುತ್ತೇನೆ ಎಂದು ಮೇಲಿಂದ ಮೇಲೆ ಹೇಳುತ್ತಿದ್ದರು. ಒಡೆಯಲು ಅಲ್ಲಿ ಕಲ್ಲಿನಂಥದ್ದೇನೂ ಇರುವುದಿಲ್ಲ. ಇಂಥ ಮಾತು ಕೇಳಿದ ರೋಗಿ ತನ್ನ ಮೈ ಒಳಗೆ ಕೆಟ್ಟುಹೋಗಿದೆ ಎಂದೇ ತಿಳಿಯುತ್ತಾನೆ.

ನಾನು ಒಯ್ದಿದ್ದ ಎಂಆರ್‌ಐ ವರದಿಯಲ್ಲಿ ಎಲ್4–ಎಲ್5, ಅಂದರೆ ಸೊಂಟದ ನಾಲ್ಕನೆಯ ಮತ್ತು ಐದನೆಯ ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಉಬ್ಬಿದೆ, ಸವೆತ ಇದೆ ಎಂದು ಬರೆದಿತ್ತು. ಈ ವರದಿಗಳನ್ನು ಎದೆಗವಚಿಕೊಂಡು ಓಡಾಡುವವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು. ಬೆನ್ನುನೋವೇ ಇಲ್ಲದ ಜನರ ಸ್ಕ್ಯಾನ್‌ಗಳನ್ನು ಕುರಿತ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಇಪ್ಪತ್ತರ ಪ್ರಾಯದವರಲ್ಲೇ ಶೇ. 37 ಮಂದಿಗೆ ಡಿಸ್ಕ್ ಸವೆತ, ಶೇ. 30 ಮಂದಿಗೆ ಡಿಸ್ಕ್ ಉಬ್ಬು ಕಾಣುತ್ತದೆ. ಎಂಬತ್ತರ ಪ್ರಾಯಕ್ಕೆ ಈ ಅಂಕಿಗಳು ಶೇ. 96 ಮತ್ತು ಶೇ. 84ಕ್ಕೆ ಏರುತ್ತವೆ. ಅಂದರೆ ತಲೆ ನರೆತಷ್ಟೇ ಸಹಜವಾಗಿ ಡಿಸ್ಕ್ ಸವೆಯುತ್ತದೆ, ಮತ್ತು ಚಿತ್ರದಲ್ಲಿ ಕಂಡ ಪ್ರತಿಯೊಂದು ಉಬ್ಬೂ ನೋವಿಗೆ ಕಾರಣವಾಗಿರುವುದಿಲ್ಲ. ಫಿಸಿಯೋಥೆರಪಿಸ್ಟ್ ಆ ವರದಿಯನ್ನು ಓದಿ, ಪಕ್ಕಕ್ಕಿಟ್ಟು, ನಡೆಸಿ ನೋಡಿದರು, ಬಗ್ಗಿಸಿ ನೋಡಿದರು, ಮುಟ್ಟಿ ನೋಡಿದರು.

ಇದಕ್ಕೆ ಮೊದಲು ನಾನು ಹೋಗುತ್ತಿದ್ದ ಬೇರೊಂದು ಕೇಂದ್ರದಲ್ಲಿ ಈ ಕ್ರಮ ತಿರುಗುಮುರುಗಾಗಿತ್ತು. ಅಲ್ಲಿ ಸಾಲಾಗಿ ಪರದೆ ಕಟ್ಟಿದ ಮಂಚಗಳು. ಸಹಾಯಕರು ಬಂದು ವರದಿಯ ಕೊನೆಯ ಸಾಲು ಓದಿ, ಸೊಂಟಕ್ಕೆ ನಾಲ್ಕು ಒದ್ದೆ ಪ್ಯಾಡುಗಳನ್ನು ಅಂಟಿಸಿ, ಯಂತ್ರದ ಗುಂಡಿ ತಿರುಗಿಸಿ, ‘ಜುಮ್ ಅನ್ನುತ್ತಾ?’ ಎಂದು ಕೇಳಿ ಹೊರಟುಬಿಡುತ್ತಿದ್ದರು. ಹದಿನೈದು ನಿಮಿಷದ ಮೇಲೆ ಯಂತ್ರ ತಾನಾಗಿ ಕೂಗುತ್ತಿತ್ತು. ಬಳಿಕ ತಣ್ಣನೆಯ ಜೆಲ್ ಹಚ್ಚಿ ಶಬ್ದತರಂಗ ಹಾಯಿಸುವ ಅಲ್ಟ್ರಾಸೌಂಡ್, ಅದಾದ ಮೇಲೆ ಸೊಂಟಕ್ಕೆ ಪಟ್ಟಿ ಕಟ್ಟಿ ಎಳೆಯುವ ಟ್ರಾಕ್ಷನ್. ಇಷ್ಟೆಲ್ಲ ನಡೆಯುವಾಗ ಯಾರ ಕೈಯೂ ನನ್ನ ಬೆನ್ನನ್ನು ಪರೀಕ್ಷೆಗಾಗಿ ಒಮ್ಮೆಯೂ ಮುಟ್ಟಲಿಲ್ಲ. ಒಬ್ಬರು ಏಕಕಾಲಕ್ಕೆ ನಾಲ್ಕು ಮಂಚ ನೋಡಿಕೊಳ್ಳಬಹುದಾದ್ದರಿಂದ ಈ ವ್ಯವಸ್ಥೆ ನಡೆಸುವವರಿಗೆ ಅನುಕೂಲ, ರೋಗಿಗೂ ದೊಡ್ಡ ಯಂತ್ರ ಕಂಡರೆ ದೊಡ್ಡ ಚಿಕಿತ್ಸೆ ನಡೆದಂತೆ ತೋರುತ್ತದೆ.

ಆದರೆ ಪುರಾವೆಗಳು ಈ ಯಂತ್ರಗಳ ಪರವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿನ ಬಗ್ಗೆ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ಮಾರ್ಗಸೂಚಿ ಟ್ರಾಕ್ಷನ್, ಅಲ್ಟ್ರಾಸೌಂಡ್, ಟೆನ್ಸ್ ಎಂಬ ವಿದ್ಯುತ್ ಪ್ರಚೋದನೆ ಮತ್ತು ಸೊಂಟದ ಬೆಲ್ಟ್‌ಗಳನ್ನು ನಿತ್ಯದ ಚಿಕಿತ್ಸೆಯಾಗಿ ಬಳಸಬೇಡಿ ಎನ್ನುತ್ತದೆ. ಚಿಕಿತ್ಸೆಗಳಿಗೆ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ ಸಂಸ್ಥೆ 2016ರಲ್ಲೇ ಇವುಗಳ ಜೊತೆಗೆ ನಮ್ಮಲ್ಲಿ ಐಎಫ್‌ಟಿ ಎಂದು ಕರೆಯುವ ವಿದ್ಯುತ್ ಚಿಕಿತ್ಸೆಯನ್ನೂ ಸೊಂಟನೋವಿಗೆ ಕೊಡಬೇಡಿ ಎಂದಿತ್ತು. ಅದೇ ವಿಶ್ವ ಆರೋಗ್ಯ ಸಂಸ್ಥೆ ಮಸಾಜ್ ಮತ್ತು ಬೆನ್ನುಮೂಳೆಯ ಕೈಚಿಕಿತ್ಸೆಯನ್ನು, ಪುರಾವೆ ಗಟ್ಟಿಯಿಲ್ಲ ಎಂಬುದನ್ನು ಮುಚ್ಚಿಡದೆ, ಕೊಡಬಹುದಾದ ಚಿಕಿತ್ಸೆಗಳ ಸಾಲಿನಲ್ಲಿ ಇಟ್ಟಿದೆ. ನೈಸ್ ಒಂದು ಕಟ್ಟಳೆ ಹಾಕುತ್ತದೆ: ಕೈಚಿಕಿತ್ಸೆಯನ್ನು ವ್ಯಾಯಾಮದ ಜೊತೆಗೂಡಿಸಿಯೇ ಕೊಡಬೇಕು, ಬಿಡಿಯಾಗಿ ಕೊಡಬಾರದು. 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಜನರಿಗೆ ಸೊಂಟನೋವಿತ್ತು, 2050ರ ಹೊತ್ತಿಗೆ ಇದು 84.3 ಕೋಟಿಗೆ ಏರಬಹುದು ಎಂಬ ಅಂದಾಜನ್ನು ನೋಡಿದರೆ, ಯಾವುದಕ್ಕೆ ಹಣ ಕೊಡಬೇಕು ಎಂಬುದು ಸಣ್ಣ ಪ್ರಶ್ನೆಯಲ್ಲ.

ಮುಟ್ಟಿದರೆ ನೋವು ಏಕೆ ತಗ್ಗುತ್ತದೆ ಎಂಬುದನ್ನು ನಾನು ಕೇಳಿಯೇ ಕೇಳಿದೆ, ಮತ್ತು ಚಿಕಿತ್ಸೆಯ ನಡುವೆಯೇ ಫಿಸಿಯೋಥೆರಪಿಸ್ಟ್ ವಿವರಿಸಿದರು. ಮೊಣಕೈ ಬಡಿದಾಗ ಯೋಚಿಸದೆಯೇ ಆ ಜಾಗವನ್ನು ಉಜ್ಜಿಕೊಳ್ಳುತ್ತೇವಲ್ಲ, ಅದರ ಹಿಂದಿನ ಕಾರಣವನ್ನು ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲಿ ಒಂದು ಸಿದ್ಧಾಂತವಾಗಿ ಮಂಡಿಸಿದರು: ಸ್ಪರ್ಶದ ಸಂದೇಶವನ್ನು ಹೊತ್ತ ದಪ್ಪ ನರತಂತುಗಳು ಚುರುಕಾದಾಗ, ಸಣ್ಣ ತಂತುಗಳಲ್ಲಿ ಬರುವ ನೋವಿನ ಸಂದೇಶಕ್ಕೆ ಬೆನ್ನುಹುರಿಯ ಮಟ್ಟದಲ್ಲೇ ಒಂದಷ್ಟು ತಡೆ ಬೀಳುತ್ತದೆ. ಆ ಸಿದ್ಧಾಂತದ ಹಲವು ವಿವರಗಳು ಮುಂದೆ ಬದಲಾದರೂ, ನೋವು ಮಿದುಳನ್ನು ತಲುಪುವ ಮೊದಲೇ ತಿದ್ದುಪಡಿಗೆ ಒಳಗಾಗುತ್ತದೆ ಎಂಬ ತಿರುಳು ಉಳಿದುಕೊಂಡಿದೆ. ಇದಲ್ಲದೆ ರೋಮವಿರುವ ಚರ್ಮದಲ್ಲಿ ಇನ್ನೊಂದು ಬಗೆಯ ತೆಳುವಾದ ನರತಂತುಗಳಿವೆ. ಸಂದೇಶವನ್ನು ಬಹಳ ನಿಧಾನವಾಗಿ, ಸೆಕೆಂಡಿಗೆ ಸುಮಾರು 1 ಮೀಟರಿನಷ್ಟು ವೇಗದಲ್ಲಿ ಒಯ್ಯುವ ಇವು ಚುರುಕಾಗಿ ಸ್ಪಂದಿಸುವುದು ಸೆಕೆಂಡಿಗೆ 1ರಿಂದ 10 ಸೆಂಟಿಮೀಟರ್ ವೇಗದಲ್ಲಿ ಮೃದುವಾಗಿ ನೇವರಿಸಿದಾಗ, ಅದೂ ಕೈಯ ಬಿಸುಪು ಚರ್ಮದ ಬಿಸುಪಿನಷ್ಟೇ ಇದ್ದಾಗ. ಎಲ್ಲಿ ಮುಟ್ಟಿದರು ಎಂಬ ನಿಖರವಾದ ವಿವರಕ್ಕಿಂತ, ಆ ಮುಟ್ಟುವಿಕೆ ಹಿತವಾಗಿತ್ತು ಎಂಬ ಅನುಭವವನ್ನು ಮಿದುಳಿಗೆ ತಲುಪಿಸುವುದು ಇವುಗಳ ಕೆಲಸವೆಂದು ಹೇಳುತ್ತಾರೆ. ಒತ್ತಡವನ್ನು ವಿದ್ಯುತ್ ಸಂಕೇತವಾಗಿ ಬದಲಿಸುವ ಪೀಜೋ ಎಂಬ ಪ್ರೋಟೀನುಗಳನ್ನು ಗುರುತಿಸಿದ ಆರ್ಡೆಮ್ ಪಟಪೂಟಿಯನ್ ಅವರಿಗೆ, ಶಾಖದ ಗ್ರಾಹಕವನ್ನು ಕಂಡುಹಿಡಿದ ಡೇವಿಡ್ ಜೂಲಿಯಸ್ ಅವರೊಂದಿಗೆ, 2021ರ ವೈದ್ಯಕೀಯ ನೊಬೆಲ್ ಬಂದದ್ದು ಈ ಕ್ಷೇತ್ರದ ಮಹತ್ವಕ್ಕೆ ಒಂದು ಸಾಕ್ಷಿ. ಅಂಗೈಯನ್ನು ಮೊದಲು ಬೆಚ್ಚಗೆ ಮಾಡಿಕೊಂಡದ್ದು ಸೌಜನ್ಯಕ್ಕಷ್ಟೇ ಅಲ್ಲ ಎಂದು ಆಗ ತಿಳಿಯಿತು.

ಚಿಕಿತ್ಸೆಯ ಭಾಗ ನೋಡಲು ಬಹಳ ಸರಳ. ನೋವಿದ್ದ ಮೂಳೆಯ ಮೇಲೆ ಮಣಿಕಟ್ಟಿನ ಹತ್ತಿರದ ಅಂಗೈಯ ಬುಡವನ್ನಿಟ್ಟು, ಲಯಬದ್ಧವಾಗಿ ಒತ್ತುತ್ತ ಬಿಡುತ್ತ ಹೋಗುತ್ತಾರೆ. ಆಸ್ಟ್ರೇಲಿಯಾದ ಫಿಸಿಯೋಥೆರಪಿಸ್ಟ್ ಜೆಫ್ರಿ ಮೇಟ್‌ಲ್ಯಾಂಡ್ ಈ ಒತ್ತುವಿಕೆಯನ್ನು ನಾಲ್ಕು ದರ್ಜೆಗಳಾಗಿ ವಿಂಗಡಿಸಿದ್ದರು: ಮೊದಲೆರಡು ದರ್ಜೆಗಳಲ್ಲಿ ಕೀಲಿನ ಬಿಗುವು ಎದುರಾಗುವ ಮೊದಲೇ ಕೈ ಹಿಂದೆ ಸರಿಯುತ್ತದೆ, ಅವು ನೋವಿಗೆ, ಉಳಿದೆರಡರಲ್ಲಿ ಬಿಗುವಿನೊಳಕ್ಕೆ ಇಳಿಯುತ್ತದೆ, ಅವು ಪೆಡಸಿಗೆ. ಆರಂಭದ ದಿನಗಳಲ್ಲಿ ನನ್ನ ಮೇಲೆ ನಡೆದದ್ದು ಮೊದಲೆರಡರ ಬಗೆಯದು, ಎಷ್ಟು ಹಗುರವೆಂದರೆ ಇದಕ್ಕೂ ದುಡ್ಡು ಕೊಡಬೇಕೇ ಎನ್ನಿಸುವಷ್ಟು. ಎಳನೀರು ಗಾಡಿಯವನ ಕೈಯಂಥ ಬಲವಾದ ಕೈ ಬೇಕು, ಅಳು ಬರುವಷ್ಟು ನೋವಾದರೆ ಮಾತ್ರ ಒಳ್ಳೆಯದಾಗುತ್ತದೆ ಎಂದು ನಂಬಿದವರಿಗೆ ಇದು ರುಚಿಸುವುದು ಕಷ್ಟ. ಆದರೆ ನೋವಿನಿಂದ ಈಗಾಗಲೇ ಬಿಗಿದುಕೊಂಡಿರುವ ಮೈಗೆ ಇನ್ನಷ್ಟು ನೋವು ಕೊಟ್ಟರೆ ಅದು ಇನ್ನಷ್ಟು ಬಿಗಿದುಕೊಳ್ಳುವುದೇ ಹೆಚ್ಚು. ಮಂಚದಿಂದ ಎದ್ದಾಗ ಬಗ್ಗುವುದು ಸುಲಭವಾಗಿತ್ತು. ಆ ಸುಲಭ ಮೊದಲ ಸಲ ಮರುದಿನದ ಮಧ್ಯಾಹ್ನದೊಳಗೇ ಕರಗಿತು, ನಂತರದ ಭೇಟಿಗಳಲ್ಲಿ ಹೆಚ್ಚು ಕಾಲ ನಿಂತಿತು.

ಒತ್ತುವಾಗ ಎಲ್ಲೋ ಲಟಕ್ ಎಂದಾಗ ಮೂಳೆ ಜಾಗಕ್ಕೆ ಕೂತಿತು ಎಂದು ಸಂತೋಷಪಡುವವರು ಬಹಳ ಮಂದಿ. ಬೆರಳಿನ ಕೀಲನ್ನು ಎಂಆರ್‌ಐ ಯಂತ್ರದೊಳಗೆ ಎಳೆದು ನೋಡಿದ ಕೆನಡಾದ ಸಂಶೋಧಕರು 2015ರಲ್ಲಿ ತೋರಿಸಿದಂತೆ, ಆ ಸದ್ದು ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯೊಂದು ಹುಟ್ಟುವ ಕ್ಷಣಕ್ಕೆ ಸಂಬಂಧಿಸಿದ್ದು. ಮೂಳೆ ಎಲ್ಲಿಗೂ ಹೋಗಿರಲಿಲ್ಲ, ಎಲ್ಲಿಗೂ ಮರಳಲಿಲ್ಲ. ಸದ್ದು ಬಂದರೂ ಬಾರದಿದ್ದರೂ ಪರಿಣಾಮ ಹೆಚ್ಚುಕಡಿಮೆ ಒಂದೇ ಎಂದು ನಮ್ಮ ಫಿಸಿಯೋಥೆರಪಿಸ್ಟ್ ಹೇಳಿದರು, ಮತ್ತು ಸದ್ದಿಗಾಗಿ ಪ್ರಯತ್ನಪಡಲಿಲ್ಲ.

ಯಾವ ವಿಧಾನ ಮೇಲು ಎಂಬ ಜಗಳಕ್ಕೆ ಅಮೆರಿಕದ ಸಿಯಾಟಲ್ ಪ್ರದೇಶದಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಒಳ್ಳೆಯ ಉತ್ತರ ಕೊಡುತ್ತದೆ. ದೀರ್ಘಕಾಲದ ಸೊಂಟನೋವಿದ್ದ 401 ಮಂದಿಯನ್ನು ಮೂರು ಗುಂಪು ಮಾಡಿ, ಒಂದು ಗುಂಪಿಗೆ ನಿರ್ದಿಷ್ಟ ಸ್ನಾಯು ಮತ್ತು ಕೀಲುಗಳನ್ನು ಗುರಿಯಾಗಿಸಿಕೊಂಡ ಮಸಾಜ್, ಇನ್ನೊಂದಕ್ಕೆ ಮೈ ಹಗುರಾಗಿಸುವ ಸಾಮಾನ್ಯ ಮಸಾಜ್, ಮೂರನೆಯದಕ್ಕೆ ಎಂದಿನ ವೈದ್ಯಕೀಯ ಆರೈಕೆ ಮಾತ್ರ ಎಂದು ಗೊತ್ತುಮಾಡಲಾಗಿತ್ತು. ವಾರಕ್ಕೊಂದರಂತೆ ಹತ್ತು ವಾರ ನಡೆದ ಮೇಲೆ, ನೋವು ಪೂರ್ತಿಯಾಗಿ ಅಥವಾ ಬಹುಮಟ್ಟಿಗೆ ಹೋಗಿದೆ ಎಂದವರು ಮಸಾಜ್ ಪಡೆದ ಎರಡೂ ಗುಂಪುಗಳಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ತುಸು ಹೆಚ್ಚು. ಮೂರನೆಯ ಗುಂಪಿನಲ್ಲಿ ಶೇ. 4 ಮಾತ್ರ. ಎರಡು ಬಗೆಯ ಮಸಾಜ್‌ಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷ ಕಳೆಯುವ ಹೊತ್ತಿಗೆ ಲಾಭದ ಬಹುಪಾಲು ಕರಗಿತ್ತು. ತಮಗೆ ಮಸಾಜ್ ಸಿಗಲಿಲ್ಲ ಎಂಬುದು ಮೂರನೆಯ ಗುಂಪಿನವರಿಗೆ ಗೊತ್ತಿದ್ದುದರಿಂದ ಈ ಅಂತರದ ಒಂದು ಪಾಲು ನಿರೀಕ್ಷೆಯದೂ ಇರಬಹುದು. ಜೊತೆಗೆ, ಯಾರೇ ಆಗಲಿ ಚಿಕಿತ್ಸೆಗೆ ಹೋಗುವುದು ನೋವು ತಾರಕಕ್ಕೇರಿದಾಗ. ಅಲ್ಲಿಂದ ಅದು ತಾನಾಗಿಯೂ ಇಳಿಯುತ್ತದೆ, ಶ್ರೇಯಸ್ಸು ಮಾತ್ರ ಕಡೆಯದಾಗಿ ಮುಟ್ಟಿದವರಿಗೆ ಸಲ್ಲುತ್ತದೆ. ಇಷ್ಟನ್ನು ಕಳೆದ ಮೇಲೂ ಹಲವು ವಾರಗಳ ಉಪಶಮನವೆಂಬುದು ಉಳಿಯುತ್ತದೆ, ಮತ್ತು ವಿದೇಶದಲ್ಲಿ ಕಲಿತುಬಂದ ವಿಶೇಷ ತಂತ್ರವೆಂದು ಹೇಳಿ ಎರಡು ಪಟ್ಟು ಶುಲ್ಕ ಕೇಳುವವರ ವಾದ ಅಷ್ಟರ ಮಟ್ಟಿಗೆ ಸಡಿಲಾಗುತ್ತದೆ.

ಸ್ಪರ್ಶದ ಚಿಕಿತ್ಸೆ ನಮ್ಮವರಿಗೆ ಫಿಸಿಯೋಥೆರಪಿಯಿಂದ ಬಂದದ್ದಲ್ಲ. ನರಕ ಚತುರ್ದಶಿಯ ಎಣ್ಣೆಸ್ನಾನ, ಬಾಣಂತಿಗೂ ಕೂಸಿಗೂ ಎಣ್ಣೆ ನೀವುವ ಅನುಭವಿ ಹೆಂಗಸರು, ಉಳುಕು ತೆಗೆಯುವ ಊರಿನ ಹಿರಿಯರು ಎಲ್ಲರಿಗೂ ಗೊತ್ತು. ಕಾಲು ಮುಂದಾಗಿ ಹುಟ್ಟಿದವರು ಮೆಲ್ಲಗೆ ಒದ್ದರೆ ಸೊಂಟದ ಉಳುಕು ಬಿಡುತ್ತದೆ ಎಂಬ ನಂಬಿಕೆಯೂ ಹಳ್ಳಿಗಳಲ್ಲಿದೆ, ಅಂಥವರಿಗೆ ಬಾಲ್ಯದಲ್ಲಿ ಒಳ್ಳೆಯ ಬೇಡಿಕೆ ಇರುತ್ತಿತ್ತು. 1908ರಿಂದ ಸರ್ಕಾರಿ ಆಯುರ್ವೇದ ಕಾಲೇಜು ಇರುವ ಮೈಸೂರಿನಲ್ಲಿ ಕಟಿಬಸ್ತಿ ಮಾಡಿಸಿಕೊಂಡವರೂ ಬೀದಿಗೊಬ್ಬರು ಸಿಗುತ್ತಾರೆ. ಉದ್ದಿನ ಹಿಟ್ಟನ್ನು ಕಲಸಿ ಸೊಂಟದ ಮೇಲೆ ಕಟ್ಟೆ ಕಟ್ಟಿ, ಅದರೊಳಗೆ ಬೆಚ್ಚಗಿನ ತೈಲ ತುಂಬಿ, ಆರಿದಂತೆಲ್ಲ ಹತ್ತಿಯಲ್ಲಿ ಹಿಂಡಿ ತೆಗೆದು ಮತ್ತೆ ಬಿಸಿ ತೈಲ ಹೊಯ್ಯುವ ಆ ಚಿಕಿತ್ಸೆಯನ್ನು ನಾನೂ ಮಾಡಿಸಿಕೊಂಡಿದ್ದೇನೆ. ಹಿತದ ಲೆಕ್ಕದಲ್ಲಿ ಅದರ ಮುಂದೆ ಈ ಕ್ಲಿನಿಕ್ ನಿಲ್ಲಲಾರದು. ಕೊರತೆಯಿದ್ದದ್ದು ಒಂದೇ ಕಡೆ: ನಾನು ಹೋದಲ್ಲಿ ತೈಲ ಒರೆಸಿ ಎಬ್ಬಿಸಿದ ಮೇಲೆ, ಈ ಹಗುರಾದ ಸೊಂಟವನ್ನು ನಾಳೆಯಿಂದ ಹೇಗೆ ಬಳಸಬೇಕು ಎಂದು ಯಾರೂ ಹೇಳಲಿಲ್ಲ, ಭಾರ ಎತ್ತಬೇಡಿ, ಬಗ್ಗಬೇಡಿ, ವಿಶ್ರಾಂತಿ ಮಾಡಿ ಎಂದಷ್ಟೇ ಹೇಳಿದರು.

ಕತ್ತಿನ ವಿಷಯಕ್ಕೆ ಬಂದರೆ ನನ್ನ ಮಾತು ಕಟುವಾಗುತ್ತದೆ. ಕ್ಷೌರದ ಅಂಗಡಿಗಳಲ್ಲಿ ತಲೆಗೆ ಎಣ್ಣೆ ತಟ್ಟಿ, ಗಲ್ಲ ಮತ್ತು ನೆತ್ತಿಯನ್ನು ಹಿಡಿದು ಕತ್ತನ್ನು ಎರಡೂ ಕಡೆಗೆ ರಪ್ಪನೆ ತಿರುಗಿಸುವ ಅಭ್ಯಾಸವನ್ನು ಉಚಿತ ಸೇವೆಯೆಂದು ಸ್ವೀಕರಿಸುವವರಿದ್ದಾರೆ. ಕತ್ತಿನ ಮೂಲಕ ಮಿದುಳಿಗೆ ಹೋಗುವ ರಕ್ತನಾಳಗಳ ಒಳಪದರ ಇಂಥ ತಿರುಚುವಿಕೆಯಿಂದ ಹರಿಯಬಹುದು, ಅಲ್ಲಿ ಕಟ್ಟಿದ ಹೆಪ್ಪು ಮಿದುಳಿಗೆ ಸಾಗಿ ಪಾರ್ಶ್ವವಾಯುವಾಗಬಹುದು. ಇದು ಅಪರೂಪ, ಆದರೆ ಕಟ್ಟುಕಥೆಯಲ್ಲ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಸಲೂನಿನಲ್ಲಿ ಕತ್ತು ತಿರುಗಿಸಿಕೊಂಡ ಮೇಲೆ ಹೀಗೇ ಆದದ್ದು ಪತ್ರಿಕೆಗಳಲ್ಲಿ ಬಂದಿತ್ತು. ಈ ಕ್ಲಿನಿಕ್ಕಿನಲ್ಲಿ ಕತ್ತಿಗೆ ರಭಸದ ಚಿಕಿತ್ಸೆಯನ್ನು ಮಾಡುವುದೇ ಇಲ್ಲ. ಅಂಗಾತ ಮಲಗಿಸಿ, ತಲೆಯ ಭಾರವನ್ನೆಲ್ಲ ತಮ್ಮ ಎರಡು ಅಂಗೈಗಳ ಮೇಲೆ ಹೊತ್ತು, ‘ತಲೆ ನನ್ನ ಕೈಗೆ ಬಿಡಿ, ನೀವು ಹಿಡಿದುಕೊಳ್ಳಬೇಡಿ’ ಎನ್ನುತ್ತಾರೆ. ಹಾಗೆ ಬಿಡುವುದು ಎಷ್ಟು ಕಷ್ಟವೆಂಬುದು ಮಲಗಿದ ಮೇಲೆಯೇ ತಿಳಿಯುತ್ತದೆ. ಬಿಟ್ಟಿದ್ದೇನೆ ಎಂದುಕೊಂಡಾಗಲೂ ಕತ್ತಿನ ಸ್ನಾಯುಗಳು ತಲೆಯನ್ನು ತಾವೇ ಎತ್ತಿ ಹಿಡಿದಿದ್ದುದನ್ನು ಅವರ ಬೆರಳುಗಳು ಕಂಡುಹಿಡಿಯುತ್ತಿದ್ದವು. ಎಷ್ಟೋ ಹೊತ್ತಿನ ಮೇಲೆ ತಲೆ ನಿಜಕ್ಕೂ ಭಾರವಾಗಿ ಅವರ ಕೈಗೆ ಬಿದ್ದಾಗ, ಕತ್ತನ್ನು ಬಲಕ್ಕೆ ತಿರುಗಿಸುವುದು ಮೊದಲಿಗಿಂತ ಸಲೀಸಾಗಿತ್ತು. ಯಾವ ಯಂತ್ರವೂ ಈ ಬಿಗಿತವನ್ನು ನನಗೆ ತೋರಿಸಿಕೊಟ್ಟಿರಲಿಲ್ಲ.

ಮೈ ಮುಟ್ಟುವ ಚಿಕಿತ್ಸೆಯೆಂದರೆ ಹೆಣ್ಣುಮಕ್ಕಳಿಗೆ ಇನ್ನೊಂದು ಆತಂಕ ಇದ್ದೇ ಇರುತ್ತದೆ. ಹಿರಿಯ ಫಿಸಿಯೋಥೆರಪಿಸ್ಟ್ ಗಂಡಸು. ಪರೀಕ್ಷೆಯನ್ನು ತಾವು ಮಾಡಬೇಕೋ ಕಿರಿಯ ಸಹೋದ್ಯೋಗಿ ಮಾಡಬೇಕೋ ಎಂದು ಮೊದಲೇ ಕೇಳಿದರು, ನಾನು ಅವರೇ ಮಾಡಲಿ ಎಂದಾಗ ಆ ಯುವತಿಯನ್ನು ಪರದೆಯೊಳಗೆ ಇರಿಸಿಕೊಂಡರು. ಎಲ್ಲಿ ಮುಟ್ಟುತ್ತೇನೆ, ಏಕೆ ಮುಟ್ಟುತ್ತೇನೆ ಎಂದು ಪ್ರತಿ ಹಂತದಲ್ಲೂ ಹೇಳಿದರು, ಬೇಡವೆನಿಸಿದರೆ ಕೈಯೆತ್ತಿ ಎಂದರು, ಚಿಕಿತ್ಸೆಗೆ ಬೇಕಾದಷ್ಟು ಭಾಗವನ್ನು ಬಿಟ್ಟು ಉಳಿದದ್ದನ್ನು ಟವೆಲ್ಲಿನಿಂದ ಮುಚ್ಚಿದರು. ಇದು ಎಲ್ಲ ಕಡೆಯೂ ಇರಬೇಕಾದ ಕನಿಷ್ಠ ಕ್ರಮ, ಹೊಗಳಿಕೆಗೆ ಕಾರಣವಾಗಬೇಕಾದದ್ದೇ ಅಲ್ಲ; ಆದರೂ ಹೀಗೆ ನಡೆಯದ ಕಡೆ ಹೋಗಿಬಂದವರಿಗೆ ಇದರ ಬೆಲೆ ಗೊತ್ತು. ಅಪನಂಬಿಕೆಯಲ್ಲಿ ಬಿಗಿದುಕೊಂಡ ಮೈಗೆ ಎಷ್ಟು ನುರಿತ ಕೈಯಾದರೂ ಏನನ್ನೂ ಮಾಡಲಾಗುವುದಿಲ್ಲ. ಯಾರಿಗಾದರೂ ಸ್ಪರ್ಶವೇ ಇಷ್ಟವಿಲ್ಲದಿದ್ದರೆ ವ್ಯಾಯಾಮವನ್ನಷ್ಟೇ ಹೇಳಿಕೊಡುವ ಏರ್ಪಾಡೂ ಅಲ್ಲಿದೆ, ಅದಕ್ಕೆ ಶುಲ್ಕ ಕಡಿಮೆ.

ಕೈಚಿಕಿತ್ಸೆ ಮುಗಿದ ಮೇಲಿನ ಹತ್ತು–ಹದಿನೈದು ನಿಮಿಷಗಳನ್ನು ಅವರು ಬಳಸಿಕೊಳ್ಳುವ ರೀತಿಯೇ ಈ ಕ್ಲಿನಿಕ್ಕನ್ನು ನಾನು ಶಿಫಾರಸು ಮಾಡಲು ಮುಖ್ಯ ಕಾರಣ. ನೋವು ತಗ್ಗಿರುವ ಆ ಬಿಡುವಿನಲ್ಲೇ, ಭಯದಿಂದ ಬಹುಕಾಲ ಬಿಟ್ಟಿದ್ದ ಚಲನೆಗಳನ್ನು ಮಾಡಿಸುತ್ತಾರೆ: ಸೊಂಟದಿಂದ ಬಗ್ಗಿ ನೆಲದ ಮೇಲಿನ ಬಕೆಟ್ ಎತ್ತುವುದು, ಬೋರಲಾಗಿ ಮಲಗಿ ಮೊಣಕೈಗಳ ಮೇಲೆ ಎದೆ ಎತ್ತುವುದು, ಗೋಡೆಗೆ ಬೆನ್ನು ಕೊಟ್ಟು ಕೂತೇಳುವುದು, ರಬ್ಬರ್ ಪಟ್ಟಿಯನ್ನು ಬಾಗಿಲ ಹಿಡಿಗೆ ಕಟ್ಟಿ ಭುಜಗಳನ್ನು ಹಿಂದಕ್ಕೆ ಎಳೆಯುವುದು. ಬಗ್ಗುವಾಗ ಅವರ ಒಂದು ಕೈ ಸೊಂಟದ ಮೇಲೆ ಹಗುರಾಗಿ ಇರುತ್ತದೆ, ಹಿಡಿಯುವುದಿಲ್ಲ, ತಳ್ಳುವುದಿಲ್ಲ. ಅಲ್ಲಿ ಒಂದು ಕೈ ಇದೆ ಎಂಬ ಅರಿವಿನಿಂದಲೇ ಬಗ್ಗುವ ಧೈರ್ಯ ಬರುತ್ತದೆ. ಮುಂದಿನ ಭೇಟಿಗಳಲ್ಲಿ ಮಂಚದ ಮೇಲಿನ ಹೊತ್ತು ಕಡಿಮೆಯಾಗುತ್ತ, ನೆಲದ ಮೇಲಿನ ವ್ಯಾಯಾಮದ ಹೊತ್ತು ಹೆಚ್ಚುತ್ತ ಬಂತು, ಭೇಟಿಗಳ ನಡುವಿನ ಅಂತರವನ್ನು ಅವರೇ ಹೆಚ್ಚಿಸಿದರು. ಇನ್ನೂ ಒತ್ತಿಸಿಕೊಳ್ಳಬೇಕು ಎಂದು ಕೇಳಿದವರಿಗೆ, ಮನೆಯ ವ್ಯಾಯಾಮ ಮಾಡಿದ್ದೀರಾ ಎಂಬ ಪ್ರಶ್ನೆ ಮೊದಲು ಎದುರಾಗುತ್ತದೆ. ಮೂವತ್ತು ಭೇಟಿಗಳ ಪ್ಯಾಕೇಜನ್ನು ಮುಂಗಡವಾಗಿ ಮಾರುವ ಕೇಂದ್ರಗಳು ಈ ಪ್ರಶ್ನೆ ಕೇಳುವುದನ್ನು ನಾನು ಕಂಡಿಲ್ಲ.

ಇನ್ನು ದೂರುಗಳು. ಬೆನ್ನುನೋವಿನವರ ಕ್ಲಿನಿಕ್ಕಿಗೆ ಲಿಫ್ಟ್ ಇಲ್ಲದ ಕಡಿದಾದ ಮೆಟ್ಟಿಲುಗಳಿರುವುದು ಯಾರ ಯೋಚನೆಯೋ ತಿಳಿಯದು. ಸೊಂಟ ಪೂರ್ತಿ ಹಿಡಿದುಕೊಂಡವರು ಹತ್ತಲಾರರು, ಅಂಥವರ ಮನೆಗೆ ಹೋಗುವ ಪದ್ಧತಿಯೂ ಅವರಲ್ಲಿಲ್ಲ. ಸಮಯ ಗೊತ್ತುಮಾಡಿಕೊಂಡು ಹೋದರೂ ಅರ್ಧ ಗಂಟೆ ಕಾಯುವುದು ಮಾಮೂಲು, ಮತ್ತು ಕಾಯುವ ಕೋಣೆಯ ಪ್ಲಾಸ್ಟಿಕ್ ಕುರ್ಚಿಗಳು ಹೊಸ ರೋಗಿಗಳನ್ನು ತಯಾರಿಸುವಂತಿವೆ. ನೇರವಾಗಿ ಕೂರಿ ಎಂಬ ಉಪದೇಶ ಅತಿಯಾಯಿತು. ಒಂದೇ ಭಂಗಿಯಲ್ಲಿ ಬಹಳ ಹೊತ್ತು ಕೂರುವುದು ತೊಂದರೆ, ಸರಿಯಾದ ಭಂಗಿ ಎಂಬ ಒಂದೇ ಒಂದು ಭಂಗಿ ಇದೆ ಎಂಬುದಕ್ಕೆ ಅಂಥ ಪುರಾವೆಯಿಲ್ಲ. ಹಿರಿಯರ ಕೈಗೂ ಕಿರಿಯರ ಕೈಗೂ ವ್ಯತ್ಯಾಸವಿದೆ, ಶುಲ್ಕದಲ್ಲಿ ಮಾತ್ರ ವ್ಯತ್ಯಾಸವಿಲ್ಲ.

ನೋವು ಪೂರ್ತಿ ಹೋಯಿತೇ ಎಂದರೆ, ಇಲ್ಲ. ಕತ್ತು ಸಲೀಸಾಗಿ ತಿರುಗುತ್ತದೆ. ಸೊಂಟ ಮಳೆಗಾಲದ ಬೆಳಗುಗಳಲ್ಲಿ, ಸ್ಕೂಟರಿನಲ್ಲಿ ದೂರ ಹೋದ ದಿನಗಳಲ್ಲಿ ಮತ್ತೆ ಮಾತಾಡುತ್ತದೆ, ಆಗ ಏನು ಮಾಡಬೇಕೆಂದು ಈಗ ಗೊತ್ತಿದೆ. ಕಾಲಿಗೆ ಇಳಿಯುವ ನೋವಿನ ಜೊತೆಗೆ ಪಾದದ ಬಲ ಕುಂದಿದವರು, ಮೂಳೆ ಟೊಳ್ಳಾಗುವ ಕಾಯಿಲೆ ಇರುವವರು, ಬಿದ್ದು ಪೆಟ್ಟಾದವರು ಮೊದಲು ವೈದ್ಯರನ್ನು ಕಾಣಬೇಕು, ಇಂಥಲ್ಲಿಗೆ ನೇರವಾಗಿ ಹೋಗಬಾರದು. ಉಳಿದವರು ಹೋಗುವ ಮೊದಲು ಚಿಕಿತ್ಸಕರು ಫಿಸಿಯೋಥೆರಪಿಯ ಪದವೀಧರರೇ ಎಂದು ಕೇಳಿ ತಿಳಿಯಲಿ. ಆರೋಗ್ಯಸೇವಾ ವೃತ್ತಿಗಳನ್ನು ನಿಯಂತ್ರಿಸಲು 2021ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯ ವ್ಯಾಪ್ತಿಗೆ ಈ ವೃತ್ತಿಯೂ ಬರುವುದರಿಂದ ವಿದ್ಯಾರ್ಹತೆಯನ್ನು ಕೇಳುವುದರಲ್ಲಿ ಸಂಕೋಚ ಬೇಕಿಲ್ಲ. ಈ ಕ್ಲಿನಿಕ್ಕಿನಲ್ಲಿ ಮೊದಲ ಭೇಟಿಗೆ 900 ರೂಪಾಯಿ, ನಂತರದ ಪ್ರತಿ ಭೇಟಿಗೆ 600; ರಸೀದಿ ಕೇಳಿದರೆ ಕೊಡುತ್ತಾರೆ, ಆದರೆ ಆಸ್ಪತ್ರೆಗೆ ದಾಖಲಾಗದ ಚಿಕಿತ್ಸೆಯಾದ್ದರಿಂದ ಹೆಚ್ಚಿನ ವಿಮೆಗಳಿಂದ ಈ ಹಣ ಮರಳಿ ಬರುವುದಿಲ್ಲ. ಬೆಳಗಿನ ಮೊದಲ ಸಮಯವನ್ನು ಗೊತ್ತುಮಾಡಿಕೊಂಡರೆ ಕಾಯುವುದು ತಪ್ಪುತ್ತದೆ, ಹಿರಿಯರೇ ಸಿಗುತ್ತಾರೆ, ಭಾನುವಾರ ರಜೆ.